ವಡಗಾವಿ ಕೇಳಿದ ಬಾಳಪ್ಪ

ಬೆಳಗಾವಿಯ ವಡಗಾವಿಯ ನೇಕಾರರು ನಾಟಕದ ಹಾಡನ್ನು ಕೇಳಿ ಅಲ್ಲಿಗೇ ಬಿಡುತ್ತಿರಲಿಲ್ಲ. ಮನೆಗೆ ತಂದು ಮಗ್ಗದ ಮೇಲೆ ಕೂತು ಹಾಡುತ್ತಿದ್ದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಎರಡೂ ಕೈ, ಎರಡೂ ಕಾಲು ಕೆಲಸದಲ್ಲಿರುತ್ತವೆ, ಬಾಯಿಗೆ ಮಾತ್ರ ಬಿಡುವು. ಲಾಳಿ ಹೋಗಿ ಬರುವುದಕ್ಕೆ ಅದರದೇ ಲಯವಿದೆ, ಆ ಲಯಕ್ಕೆ ಹೊಂದಿದ ಹಾಡು ತಾನಾಗಿಯೇ ನಾಲಿಗೆಗೆ ಬರುತ್ತದೆ. ಕಲಾವೈಭವ ನಾಟ್ಯ ಸಂಘದ ಕ್ಯಾಂಪ್ ಬೆಳಗಾವಿಯಲ್ಲಿ ಬಿದ್ದ ದಿನಗಳಲ್ಲಿ ನಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ, ಒಂದೇ ಹಾಡಿನ ಬೇರೆ ಬೇರೆ ಸಾಲು ಬೇರೆ ಬೇರೆ ಮನೆಗಳಿಂದ ಕೇಳುತ್ತಿತ್ತು. ಆ ಹಾಡುಗಳನ್ನು ಓಣಿಗೆ ಕೊಟ್ಟವರು ಏಣಗಿ ಬಾಳಪ್ಪ.

ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ನಮ್ಮದೇ ಜಿಲ್ಲೆಯ ಸವದತ್ತಿ ತಾಲೂಕಿನ ಏಣಗಿಯಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ ಗುರ್ಲಹೊಸೂರು ಕೂಡ ಆ ಸೀಮೆಯದೇ. ಅದೇ 1843ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿದ್ದು, ಕರ್ನಾಟಕದಿಂದ ಹೋದ ಭಾಗವತರ ಮೇಳದ ಆಟ ನೋಡಿ. ಮುಂದೆ ಮರಾಠಿ ಕಂಪನಿಗಳ ಅಬ್ಬರ ಕಂಡು ಗದಗಿನ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಆಮೇಲೆ ಕೊಣ್ಣೂರ ಕಂಪನಿ, ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಬಂದರು. ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿ ಹಾಡಿದ್ದು ವಾಮನರಾಯರ ಕಂಪನಿಯಲ್ಲಿ. ಈ ಸೀಮೆಯಲ್ಲಿ ನಾಟಕವನ್ನೂ ಸಂಗೀತವನ್ನೂ ಬೇರೆ ಮಾಡಿ ನೋಡಿದವರು ಯಾರೂ ಇರಲಿಲ್ಲ. ಹಾಡಲು ಬಾರದವನಿಗೆ ಬಣ್ಣ ಹಚ್ಚಿಕೊಳ್ಳಲು ಅರ್ಹತೆಯಿಲ್ಲ ಎಂದೇ ನಮ್ಮ ಹಿರಿಯರು ನಂಬಿದ್ದರು. ನಾನೂ ಹಾಗೆಯೇ ನಂಬಿದ್ದೇನೆ.

ಬಾಳಪ್ಪನವರು ಎಳೆಯ ವಯಸ್ಸಿನಲ್ಲೇ ರಂಗಕ್ಕೆ ಹೋದವರು, ಹರೆಯದಲ್ಲಿ ಹೆಣ್ಣಿನ ಪಾತ್ರಗಳಿಗೆ ಹೆಸರಾದವರು. ನಾನು ಅದನ್ನು ನೋಡಿಲ್ಲ. ನೋಡಿದ ಅಜ್ಜಂದಿರು ಮರಾಠಿ ನಟ ಬಾಲಗಂಧರ್ವರ ಹೆಸರು ಹೇಳಿದ ಉಸಿರಿನಲ್ಲೇ ಬಾಳಪ್ಪನ ಹೆಸರು ಹೇಳುತ್ತಿದ್ದರು. ಬೆಳಗಾವಿಯವರ ಬಾಯಲ್ಲಿ ಅದು ಸಣ್ಣ ಮಾತಲ್ಲ. ಬಾಲಗಂಧರ್ವರ ಪ್ಲೇಟುಗಳನ್ನು ಗ್ರಾಮಫೋನಿನಲ್ಲಿ ಕೇಳಿ ಬೆಳೆದ ಊರು ಇದು. ನಮ್ಮ ಕಂಪನಿಗಳ ಎಷ್ಟೋ ಕನ್ನಡ ಹಾಡುಗಳ ಮಟ್ಟು ಮರಾಠಿ ನಾಟ್ಯಗೀತೆಗಳಿಂದ ಬಂದದ್ದು. ಹೀಗಾಗಿ ಕನ್ನಡ ಅಷ್ಟಾಗಿ ಬಾರದ ಮರಾಠಿ ನೆರೆಯವರೂ ನಾಟಕಕ್ಕೆ ಬಂದು ಕೂಡುತ್ತಿದ್ದರು, ಹಾಡು ಶುರುವಾದ ಕೂಡಲೇ ತೊಡೆ ತಟ್ಟಿ ತಾಳ ಹಿಡಿಯುತ್ತಿದ್ದರು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಮಾತು ಬಿಸಿಯಾಗಿದ್ದ ವರ್ಷಗಳಲ್ಲಿ, ಹಗಲು ಒಬ್ಬರ ಮುಖ ಒಬ್ಬರು ನೋಡದವರು ರಾತ್ರಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಹಾಡಿಗೆ ಒನ್ಸ್‌ಮೋರ್ ಕೂಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಲಾವೈಭವವನ್ನು ಬಾಳಪ್ಪನವರು ಕಟ್ಟಿದ್ದು ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ. ನಾನು ನೋಡುವ ಹೊತ್ತಿಗೆ ಅವರು ನಡುವಯಸ್ಸು ದಾಟಿದ ಮಾಲಕರು, ಲಕ್ಷ್ಮೀಬಾಯಿಯವರಂಥ ಕಲಾವಿದೆಯರು ಹೆಣ್ಣಿನ ಪಾತ್ರಗಳನ್ನು ವಹಿಸಿಕೊಂಡಿದ್ದರು. ಕಂಪನಿ ಊರಿಗೆ ಬಂದದ್ದು ತಗಡಿನ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಬಯಲಿನಲ್ಲಿ ಕಂಬ ನೆಟ್ಟು ಸುತ್ತ ತಗಡು ಹೊಡೆಯುತ್ತಿದ್ದರು. ಮರುದಿನ ಟಾಂಗಾದಲ್ಲಿ ಬ್ಯಾಂಡಿನವರನ್ನು ಕೂರಿಸಿಕೊಂಡು ಹ್ಯಾಂಡ್‌ಬಿಲ್ ತೂರುತ್ತ ವಡಗಾವಿ, ಖಾಸಬಾಗ, ಶಹಾಪುರ ಸುತ್ತುತ್ತಿದ್ದರು. ನೆಲ, ಬೆಂಚು, ಕುರ್ಚಿ, ಸೋಫಾ ಎಂದು ಟಿಕೇಟು. ನೇಕಾರರದು ನೆಲ. ರಾತ್ರಿ ಹತ್ತರ ಸುಮಾರಿಗೆ ನಾಂದಿ, ಮುಗಿಯುವಾಗ ಕೋಳಿ ಕೂಗುವ ಹೊತ್ತು. ಖಾನಾಪುರ, ನಂದಗಡದ ಕಡೆಯಿಂದ ಬಂದವರು ನಾಟಕ ಬಿಟ್ಟ ಮೇಲೆ ಸ್ಟೇಷನ್ನಿಗೆ ಹೋಗಿ ಲೋಂಡಾ ಕಡೆಯ ಗಾಡಿಗೆ ಕಾಯುತ್ತಿದ್ದರು. ಕಾಯುವಾಗಲೂ ಅಲ್ಲಿ ಹಾಡೇ.

ಎಲ್ಲರಿಗೂ ಬೇಕಾಗಿದ್ದ ನಾಟಕ ‘ಜಗಜ್ಯೋತಿ ಬಸವೇಶ್ವರ’. ಬಾಳಪ್ಪನವರು ಬಸವಣ್ಣ. ಅವರು ರಂಗದ ಮೇಲೆ ಬಂದ ಕೂಡಲೇ ಮುದುಕಿಯರು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದರು. ನನ್ನ ಅವ್ವನೂ ಮುಗಿದವಳೇ. ನಾನು ಸಣ್ಣವನಾಗಿ, “ಅಂವ ಬಾಳಪ್ಪ ಅದಾನಬೇ, ಬಸವಣ್ಣ ಅಲ್ಲ” ಅಂದದ್ದಕ್ಕೆ, “ಹಾಡು ಮುಗಿಯೂತನಾ ಬಸವಣ್ಣನ, ಸುಮ್ಮನ ಕೂಡು” ಅಂದಿದ್ದಳು. ವಚನವನ್ನು ಅವರು ಹಾಡುವ ಮೊದಲು ಮಾತಿನಂತೆ ಹಿಡಿಯುತ್ತಿದ್ದರು. ಎದುರಿನವನಿಗೆ ಹೇಳುತ್ತ ಹೇಳುತ್ತ ಮಾತಿನ ಕೊನೆ ಸ್ವರವಾಗುತ್ತಿತ್ತು, ಯಾವ ಅಕ್ಷರದಲ್ಲಿ ಮಾತು ಮುಗಿದು ಹಾಡು ಶುರುವಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲುಪೆಟ್ಟಿಗೆ ಹಾರ್ಮೋನಿಯಂನ ಮಾಸ್ತರರು ಅಲ್ಲಿಯವರೆಗೆ ಸುಮ್ಮನಿದ್ದು, ಸರಿಯಾಗಿ ಆ ಜಾಗದಲ್ಲಿ ಸ್ವರ ಕೊಡುತ್ತಿದ್ದರು. ದೊಡ್ಡ ದೊಡ್ಡ ಗವಾಯಿಗಳ ವಚನ ಗಾಯನವನ್ನು ಆಮೇಲೆ ಬೇಕಾದಷ್ಟು ಕೇಳಿದೆ. ಅವರಲ್ಲಿ ರಾಗದ ವಿಸ್ತಾರ ಹೆಚ್ಚು, ಒಪ್ಪುತ್ತೇನೆ. ಆದರೆ ವಚನ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳಿದ ಮಾತು ಎಂಬುದು ಬಾಳಪ್ಪನವರ ಬಾಯಲ್ಲಿ ತಿಳಿದಷ್ಟು ನನಗೆ ಬೇರೆಲ್ಲೂ ತಿಳಿಯಲಿಲ್ಲ.

ಅವರ ದನಿ ಮೈಕಿಲ್ಲದ ಕಾಲದಲ್ಲಿ ಪಳಗಿದ್ದು. ಕಟ್ಟಕಡೆಯ ನೆಲದವನಿಗೂ ಅಕ್ಷರ ಬಿಡಿಸಿ ಕೇಳಬೇಕು, ಆದರೆ ಅದು ಕೂಗಾಗಬಾರದು. ಆ ಕಾಲದ ನಟರೆಲ್ಲ ಎತ್ತರದ ಸ್ವರದಲ್ಲಿ ಹಾಡುತ್ತಿದ್ದುದಕ್ಕೆ ಇದೇ ಕಾರಣ. ತಗ್ಗಿನ ಸ್ವರ ಬಯಲಿನಲ್ಲಿ ಚೆದುರಿಹೋಗುತ್ತದೆ, ಎತ್ತರದ್ದು ಜನರ ತಲೆಯ ಮೇಲಿಂದ ಹೋಗಿ ಹಿಂದಿನ ತಗಡಿಗೆ ಮುಟ್ಟುತ್ತದೆ. ರಂಗದ ಮೇಲಿನಿಂದ ಮೈಕು ಇಳಿಬಿಡುವ ಪದ್ಧತಿ ಬಂದ ಮೇಲೆ ಕಂಪನಿ ನಾಟಕದ ನಡಿಗೆಯೇ ಬದಲಾಯಿತು. ಹೊಸ ನಟರು ಮೈಕಿನ ಕೆಳಗೆ ಬಂದು ನಿಂತು ಮಾತಾಡುವರು, ಸರಿಯುವರು, ಇನ್ನೊಬ್ಬ ಬಂದು ನಿಲ್ಲುವನು. ಹಳಬರು ಮಾತ್ರ ರಂಗದ ಮೂಲೆಯಲ್ಲಿ ನಿಂತೂ ಹಾಡಬಲ್ಲವರಾಗಿದ್ದರು. ಹಾಗೆ ನೋಡಿದರೆ ಸಿನಿಮಾ ಕಂಪನಿಗಳನ್ನು ಮುಗಿಸಿತು ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಿನಿಮಾ ಬಂದ ಎಷ್ಟೋ ವರ್ಷಗಳ ಮೇಲೂ ಜನ ನಾಟಕಕ್ಕೆ ಹೋಗುತ್ತಿದ್ದರು. ನನ್ನ ಕಣ್ಣ ಮುಂದೆ ಮೊದಲು ಹೋದದ್ದು ಹಾಡು. ಹಾಡಿನ ಜಾಗಕ್ಕೆ ಹಾಸ್ಯ, ಹಾಸ್ಯದ ಜಾಗಕ್ಕೆ ಎರಡರ್ಥದ ಮಾತು ಬಂತು. ನಮ್ಮ ಓಣಿಯ ಹೆಂಗಸರು ನಾಟಕ ನಿಲ್ಲಿಸಿದ್ದು ಆಗ.

ಹಾಡು ಹೋದದ್ದಕ್ಕೆ ರಂಗದವರನ್ನಷ್ಟೇ ಬೈಯುವುದು ನ್ಯಾಯವಲ್ಲ. ಕೇಳುವವರೂ ಬದಲಾದೆವು. ವಡಗಾವಿಯಲ್ಲಿ ಕುಣಿಗಳು ಒಂದೊಂದಾಗಿ ಮುಚ್ಚಿದವು, ಪಾವರ್‌ಲೂಮ್ ಬಂತು. ನಮ್ಮ ಮನೆಯಲ್ಲಿ ಮೊದಲ ಪಾವರ್‌ಲೂಮ್ ಹಾಕಿದಾಗ ಅಪ್ಪನಿಗೆ ಆದ ಸಂತೋಷ ನಿಜವಾದದ್ದು. ಕೈಮಗ್ಗದಲ್ಲಿ ಬೆನ್ನು ಬಾಗಿ ನೆಯ್ದರೂ ಹೊಟ್ಟೆ ತುಂಬುತ್ತಿರಲಿಲ್ಲ, ಈಗ ಸೀರೆ ಬೇಗ ಇಳಿಯುತ್ತಿತ್ತು, ಮಕ್ಕಳು ಸಾಲಿಗೆ ಹೋದೆವು. ಆದರೆ ಆ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳದು, ತುಟಿ ನೋಡಿ ತಿಳಿಯಬೇಕು. ಅಂಥಲ್ಲಿ ಹಾಡುವುದು ಯಾರಿಗಾಗಿ? ಅಪ್ಪ ಕೆಲಸದಲ್ಲಿ ಹಾಡುವುದನ್ನು ಬಿಟ್ಟ. ಆಮೇಲೆ ಅವನು ಹಾಡಿದ್ದು ಭಜನೆಯಲ್ಲಿ, ಅದೂ ಯಾರಾದರೂ ಒತ್ತಾಯ ಮಾಡಿದರೆ. ದಿನಕ್ಕೆ ಹತ್ತು ಸಲ ಅದೇ ಹಾಡನ್ನು ತಾನೇ ಹಾಡಿದವನು ರಂಗದ ಮೇಲಿನವನನ್ನು ತೂಕ ಹಾಕಬಲ್ಲ, ಸ್ವರ ತುಸು ಕೆಳಗೆ ಬಂದರೂ ನೆಲದಿಂದ ಕೆಮ್ಮಬಲ್ಲ. ಆ ನೆಲದವರು ಇಲ್ಲವಾದ ಮೇಲೆ ಒನ್ಸ್‌ಮೋರಿಗೂ ಬೆಲೆ ಉಳಿಯಲಿಲ್ಲ.

ಎಂಬತ್ತರ ದಶಕದ ಹೊತ್ತಿಗೆ ಕಲಾವೈಭವದ ದಿನಗಳು ಮುಗಿಯುತ್ತ ಬಂದಿದ್ದವು. ಟೀವಿ ಬಂತು, ಬಯಲುಗಳಲ್ಲಿ ಮನೆಗಳೆದ್ದವು. ಕಂಪನಿ ಹೋದರೂ ಬಾಳಪ್ಪನವರು ದಶಕಗಳ ಕಾಲ ನಮ್ಮ ನಡುವೆ ಇದ್ದರು. ಗುಬ್ಬಿ ವೀರಣ್ಣ ಪ್ರಶಸ್ತಿ ಬಂತು, ಅವರು ಹೇಳಿದ ಜೀವನ ಕಥೆಯನ್ನು ಗಣೇಶ ಅಮೀನಗಡ ಪುಸ್ತಕವಾಗಿಸಿದರು. ನಟನಾಗಿ ಹೆಸರು ಮಾಡಿದ ಮಗ ನಟರಾಜ ತಂದೆಗಿಂತ ಮೊದಲೇ ತೀರಿಕೊಂಡದ್ದನ್ನೂ ಅವರು ನೋಡಬೇಕಾಯಿತು. ತೊಂಬತ್ತು ದಾಟಿದ ಮೇಲೂ ಸಭೆಗಳಲ್ಲಿ ಜನ ಕೇಳಿದರೆ ಹಾಡುತ್ತಿದ್ದರು. ಬಿಳಿ ಪಟಕ ಸುತ್ತಿದ ಆ ಅಜ್ಜನ ದನಿ ನಡುಗುತ್ತಿತ್ತು, ಶ್ರುತಿ ನಡುಗುತ್ತಿರಲಿಲ್ಲ.

ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನಲ್ಲಿ ಬೆಳಗಾವಿಯಲ್ಲಿ ರಂಗಮಂದಿರವಿದೆ. ಒಳ್ಳೆಯದು, ಇರಬೇಕಾದದ್ದೇ. ಕಂಪನಿಗಳು ತಗಡು ಹೊಡೆದ ಬಯಲುಗಳಿಗೆ ಮಾತ್ರ ಯಾವ ಹೆಸರೂ ಇಲ್ಲ. ಮಂಗಾಯಿ ಜಾತ್ರೆಗೆ ಊರಿಗೆ ಬಂದ ಹುಡುಗರಿಗೆ ನಾನು ಆ ಜಾಗಗಳನ್ನು ತೋರಿಸುತ್ತೇನೆ. ಅವರಿಗೆ ಅಪಾರ್ಟ್‌ಮೆಂಟು ಕಾಣುತ್ತದೆ, ಅವರ ತಪ್ಪೇನಿಲ್ಲ. ಆದರೂ ಅಲ್ಲಿ ಒಂದು ಕಲ್ಲಾದರೂ ನಿಲ್ಲಬೇಕು, ಅದರ ಮೇಲೆ ಕಂಪನಿಗಳ ಹೆಸರು ಇರಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

2017ರ ಆಗಸ್ಟಿನಲ್ಲಿ, 103ರ ವಯಸ್ಸಿನಲ್ಲಿ ಬಾಳಪ್ಪನವರು ಹೋದ ಸುದ್ದಿ ಬಂದ ಸಂಜೆ, ಹಳೆಯ ನೆಲದ ಟಿಕೇಟಿನವರು ಉಳಿದಷ್ಟು ಜನ ನಮ್ಮ ಕಟ್ಟೆಗೆ ಸೇರಿದರು. ಒಬ್ಬರು ಮನೆಯಿಂದ ಹಾರ್ಮೋನಿಯಂ ತರಿಸಿದರು. ಬಸವಣ್ಣನ ಪ್ರವೇಶದ ಹಾಡು ಯಾವ ಪಟ್ಟಿಯಲ್ಲಿತ್ತು ಎಂಬಲ್ಲಿಂದಲೇ ಜಗಳ ಶುರುವಾಯಿತು. ಕರಿ ಎರಡು ಎಂದು ಒಬ್ಬರು, ಬಿಳಿ ನಾಲ್ಕು ಎಂದು ಇನ್ನೊಬ್ಬರು. ಎಂಬತ್ತು ದಾಟಿದ ಕಾಕಾ ಒಬ್ಬರು ಕೆಮ್ಮುತ್ತಲೇ ಎತ್ತಿ ಹಾಡಿದರು, ಎರಡನೆಯ ಸಾಲಿನಲ್ಲಿ ಉಸಿರು ಸಾಲದೆ ನಿಂತರು.

“ಅಲ್ಲಿ ನಿಂದ್ರಬಾರ್ದ್ರೀ ಕಾಕಾ, ಬಾಳಪ್ಪ ಅಲ್ಲಿ ನಿಂದರತಿರಲಿಲ್ಲ.”

“ಗೊತ್ತೈತೋ ತಮ್ಮಾ. ನನ್ನ ಎದಿ ನಿಂದರಸ್ತು. ನೀ ಹಾಡು, ನೋಡೂಣು.”

ಅವನು ಹಾಡಿದ. ಅವನಿಗೂ ಮೂರನೆಯ ಸಾಲು ಬರಲಿಲ್ಲ. ರಾಟಿ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ ಅವನ ಅವ್ವ ಅದನ್ನು ಹೇಳಿಕೊಟ್ಟಳು, ರಾಗ ಸಮೇತ. ಪಟ್ಟಿಯ ಜಗಳ ಮಾತ್ರ ಇನ್ನೂ ತೀರಿಲ್ಲ.