ಗದಗ–ಯಲವಿಗಿ ಪ್ಯಾಸೆಂಜರ್

ಈ ಕಡೆ ತಲೆ ಹಾಕದೆ ಬಹಳ ದಿನವಾಯಿತು. ಕಾರಣ ಹೇಳಿದರೆ ನಗ್ತೀರಿ... ರೈಲು ಹಳಿ ಹಾಕ್ತಿದ್ದೆ :) ಡ್ರಾಯಿಂಗ್ ಶೀಟಿನ ಮೇಲೆ.

'ಟಿಕೆಟ್ ಟು ರೈಡ್' ಅಂತ ಒಂದು ಬೋರ್ಡ್ ಗೇಮ್ ಇದೆ. ಅಲನ್ ಆರ್. ಮೂನ್ ಎಂಬುವರು ಮಾಡಿದ್ದು, 2004ರಲ್ಲಿ ಬಂತು. ಆಟ ಸರಳ. ಬಣ್ಣದ ಕಾರ್ಡು ಕೂಡಿಸುವುದು, ಒಂದೇ ಬಣ್ಣದವು ಸಾಕಷ್ಟಾದಾಗ ಎರಡು ಊರಿನ ನಡುವೆ ನಮ್ಮ ಪ್ಲಾಸ್ಟಿಕ್ ಬೋಗಿಗಳನ್ನು ಇಡುವುದು. ಕೈಯಲ್ಲಿ ಗುಟ್ಟಾಗಿ ಟಿಕೆಟ್ ಇರುತ್ತವೆ. ಅದರಲ್ಲಿ ಬರೆದ ಎರಡು ಊರು ಸೇರಿಸಿದರೆ ಅಂಕ, ಸೇರಿಸದಿದ್ದರೆ ಅಷ್ಟೇ ಅಂಕ ಕಟ್. ಮೂಲ ಆಟದ ನಕ್ಷೆ ಅಮೆರಿಕದ್ದು. ಆಮೇಲೆ ಬೇರೆ ಬೇರೆ ದೇಶದ ನಕ್ಷೆಗಳು ಬಂದವು. 2011ರಲ್ಲಿ ಇಯಾನ್ ವಿನ್ಸೆಂಟ್ ಮಾಡಿದ ಭಾರತದ ನಕ್ಷೆಯೂ ಬಂತು. ಅದನ್ನು ಆಡಿದಾಗಲೇ ನನಗೆ ಹುಳ ಹೊಕ್ಕಿದ್ದು. ನಮ್ಮ ಉತ್ತರ ಕರ್ನಾಟಕದ್ದೇ ಒಂದು ನಕ್ಷೆ ಯಾಕೆ ಮಾಡಬಾರದು?

ಹಾಗಾಗಿ ದೀಪಾವಳಿಗೆ ಊರಿಗೆ ಹೋಗುವಾಗ ಬಟ್ಟೆಗಿಂತ ಮೊದಲು ಆಟದ ಡಬ್ಬಿ ಬ್ಯಾಗಿಗೆ ಹಾಕಿದೆ. ಊರು ಸೊರಟೂರ. ಗದಗ, ಶಿರಹಟ್ಟಿ ನಡುವೆ. ಹನ್ನೆರಡನೇ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ ಊರು. ಇತಿಹಾಸದ ನಕ್ಷೆಯಲ್ಲಿ ಜಾಗ ಇದೆ, ರೈಲ್ವೆ ನಕ್ಷೆಯಲ್ಲಿ ಇಲ್ಲ.

ನಾನು ಹಾಕಿಕೊಂಡ ನಿಯಮ ಒಂದೇ. ನಿಜವಾಗಿ ರೈಲು ಓಡುವ ದಾರಿ ಮಾತ್ರ ಇರಬೇಕು. ಹುಬ್ಬಳ್ಳಿ–ಗದಗ–ಕೊಪ್ಪಳ–ಹೊಸಪೇಟೆ–ಬಳ್ಳಾರಿ–ಗುಂತಕಲ್ಲು. ಗದಗದಿಂದ ಮೇಲೆ ಬಾಗಲಕೋಟೆ, ವಿಜಯಪುರ, ಹೊಟಗಿ... ಬರ ಬಿದ್ದ ಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ಹಳೇ ದಾರಿ ಅದು. ಕೆಳಗೆ ಹುಬ್ಬಳ್ಳಿ–ಹಾವೇರಿ–ಹರಿಹರ, ಅಲ್ಲಿಂದ ಕೊಟ್ಟೂರು ಮೇಲೆ ಹಾಯ್ದು ಹೊಸಪೇಟೆ. ಬರೆದು ಮುಗಿಸಿ ನೋಡಿದರೆ ನಡುವೆ ದೊಡ್ಡ ಬಿಳಿ ಜಾಗ. ಸುತ್ತಲೂ ರೈಲು, ಒಳಗೆ ಏನೂ ಇಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಮ್ಮೂರು, ಎಲ್ಲಾ ಆ ಬಿಳಿಯಲ್ಲೇ.

ಮೊದಲ ಆಟಕ್ಕೆ ನಾನು, ವೈನಿ, ಅಣ್ಣನ ಮಗಳು. ಅವಳಿನ್ನೂ ಎಂಟನೇ ಕ್ಲಾಸು, ಆದರೆ ಬಲು ಚಾಲಾಕಿ. ಮೂರೇ ಮಂದಿ ಆಡಿದರೆ ಜೋಡಿ ಹಳಿಯಲ್ಲಿ ಒಂದನ್ನು ಮಾತ್ರ ಬಳಸಬಹುದು. ಮೂರನೇ ಸರದಿಗೇ ಹುಬ್ಬಳ್ಳಿ–ಗದಗ ಹಿಡಿದುಬಿಟ್ಟಳು. ವೈನಿ ಕೈಯಲ್ಲಿ ಹಾವೇರಿ–ಗದಗ ಟಿಕೆಟ್. ಹುಬ್ಬಳ್ಳಿ ಮೇಲೆ ಹೋದರೆ ನಾಲ್ಕು ಬೋಗಿ ಸಾಕು, ಅದಕ್ಕೇ ನಾನು ನಾಲ್ಕು ಅಂಕ ಬರೆದಿದ್ದೆ. ಈಗ ಹರಿಹರ, ಕೊಟ್ಟೂರು, ಹೊಸಪೇಟೆ, ಕೊಪ್ಪಳ ಅಂತ ಸುತ್ತಿ ಬಂದರೆ ಒಂಬತ್ತು! ವೈನಿ ಕಾರ್ಡು ಕೆಳಗಿಟ್ಟು, "ರೊಟ್ಟಿ ಬಡಿಯೋದ ಬೇಷೈತಿ" ಅಂತ ಎದ್ದೇ ಹೋದರು.

ಸರಿ, ಮೂವರಿಗೂ ಎರಡೂ ಹಳಿ ಬಿಟ್ಟುಕೊಟ್ಟು ನೋಡಿದೆ. ಆಗ ಯಾರಿಗೂ ಯಾರ ಭಯವೂ ಇಲ್ಲ, ಆಟ ಸಪ್ಪೆ.

ಇದನ್ನೆಲ್ಲ ಅಪ್ಪ ಪೇಪರ್ ಹಿಂದಿನಿಂದ ನೋಡುತ್ತಾ ಕೂತಿದ್ದರು. ಎದ್ದು ಬಂದು ಬಿಳಿ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಯಾಕ ಏನೂ ಬರದಿಲ್ಲ?"

"ಅಲ್ಲಿ ರೈಲಿಲ್ಲಲ್ಲಪ್ಪಾ."

"ಇಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಆಟದಾಗೂ ಬ್ಯಾಡೇನು ನಮಗ?"

ಏನು ಹೇಳಬೇಕೋ ತಿಳಿಯಲಿಲ್ಲ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಬೇಕು ಅನ್ನುವುದು ಈ ಕಡೆಯವರ ದಶಕಗಳ ಬೇಡಿಕೆ. ಸರ್ವೆಗಳೂ ಆಗಿವೆ. ಅಪ್ಪ ಪ್ರತಿ ಬಜೆಟ್ಟಿನ ಮರುದಿನ ಪೇಪರ್ ಕತ್ತರಿಸಿ ಫೈಲಿನಲ್ಲಿ ಇಡುತ್ತಾರೆ. ಅವ್ವನಿಗೆ ಬಸ್ಸು ಆಗುತ್ತಿರಲಿಲ್ಲ. ಕೊನೆಯ ವರ್ಷ ಹುಬ್ಬಳ್ಳಿಗೆ ತೋರಿಸಲು ಕರೆದೊಯ್ಯುವಾಗ ಪ್ರತಿ ಸಲ ಗದಗ ಬರುವಷ್ಟರಲ್ಲಿ ವಾಂತಿ ಮಾಡಿ ಸುಸ್ತಾಗಿರುತ್ತಿದ್ದಳು. ಗದಗದಲ್ಲಿ ರೈಲು ಹತ್ತಿಸಿದ ಮೇಲೆ ಕಿಟಕಿಗೆ ತಲೆ ಆನಿಸಿ ಮಲಗಿಬಿಡುತ್ತಿದ್ದಳು. ಆ ಫೈಲನ್ನು ನಾನು ಎಷ್ಟೋ ಸಲ ಹಾಸ್ಯ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಮರುದಿನ ಪೆನ್ಸಿಲ್ ತೆಗೆದುಕೊಂಡು ಚುಕ್ಕೆ ಗೆರೆ ಎಳೆದೆ. ಗದಗ–ಲಕ್ಷ್ಮೇಶ್ವರ ಎರಡು ಬೋಗಿ, ಲಕ್ಷ್ಮೇಶ್ವರ–ಯಲವಿಗಿ ಒಂದು. ಆದರೆ ಸುಮ್ಮನೆ ಕೊಡಲು ಮನಸ್ಸಾಗಲಿಲ್ಲ. ಆಟದಲ್ಲಿ ಯಾವ ಬಣ್ಣಕ್ಕೂ ನಡೆಯುವ ಇಂಜಿನ್ ಕಾರ್ಡುಗಳು ಹದಿನಾಲ್ಕಿವೆ. ತನ್ನ ಸರದಿ ಬಿಟ್ಟುಕೊಟ್ಟು ಒಂದು ಇಂಜಿನ್ ಕಾರ್ಡನ್ನು ನಡುವೆ ಇಡಬಹುದು. ಹೀಗೆ ನಾಲ್ಕು ಕೂಡಿದರೆ ಚುಕ್ಕೆ ಗೆರೆ ಹಳಿಯಾಗುತ್ತದೆ, ಆಮೇಲೆ ಯಾರು ಬೇಕಾದರೂ ಬೋಗಿ ಇಡಬಹುದು. ಕೊಟ್ಟವರಿಗೆ ವಿಶೇಷ ಏನೂ ಇಲ್ಲ.

ಈ ಸಲ ಅಪ್ಪನೂ ಕೂತರು, ನಾಲ್ಕು ಜನ. ಎಲ್ಲರಿಗೂ ಆ ದಾರಿ ಬೇಕು, ಆದರೆ ಇನ್ನೊಬ್ಬರು ಕೊಡಲಿ ಅಂತ ಕಾಯುವುದು. ಅಪ್ಪನಿಗೆ ಒಂದೂ ಇಂಜಿನ್ ಸಿಗಲಿಲ್ಲ, ಸಿಕ್ಕವರು ಬಿಡಲಿಲ್ಲ. ಆಟ ಮುಗಿದಾಗ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಅಪ್ಪ ಜೋರಾಗಿ ನಕ್ಕರು, "ಈಗ ನೋಡು, ಖರೇ ನಕಾಶಿ ಆತು!"

ಕೊಟ್ಟವರಿಗೆ ಮೂರು ಅಂಕ ಅಂತ ಮಾಡಿದೆ. ಮುಗಿಬಿದ್ದು ಕೊಟ್ಟರು, ಐದೇ ನಿಮಿಷಕ್ಕೆ ಹಳಿ ತಯಾರು. ಅದೂ ಸರಿಯಾಗಲಿಲ್ಲ. ಕೊನೆಗೆ ಒಂದೇ ಅಂಕ ಅಂತ ಇಟ್ಟೆ. ಕೊಟ್ಟರೆ ನಷ್ಟವೇ, ಆದರೆ ಸ್ವಲ್ಪ ಕಡಿಮೆ ನಷ್ಟ. ಆ ಆಟದಲ್ಲಿ ಅಪ್ಪ ತಮ್ಮ ಟಿಕೆಟ್ ಕಡೆ ತಿರುಗಿಯೂ ನೋಡದೆ ಒಂದಾದ ಮೇಲೊಂದು ಮೂರು ಇಂಜಿನ್ ಇಟ್ಟರು. ನಾಲ್ಕನೆಯದನ್ನು ಅಣ್ಣನ ಮಗಳು ಇಟ್ಟು, ಮುಂದಿನ ಸರದಿಗೆ ಲಕ್ಷ್ಮೇಶ್ವರಕ್ಕೆ ಮೊದಲ ಬೋಗಿಗಳನ್ನೂ ತಾನೇ ಇಟ್ಟಳು. ಅಪ್ಪನ ಎರಡು ಟಿಕೆಟ್ ಉಳಿದವು, ಎಲ್ಲರಿಗಿಂತ ಕಡಿಮೆ ಅಂಕ.

"ಅಜ್ಜಾ, ನೀ ಸೋತಿ."

"ಸೋಲಲಿ ಬಿಡವಾ. ಗಾಡಿ ಬಂತಿಲ್ಲೋ?"

ಈಗ ನನ್ನ ಪ್ರಶ್ನೆ. ಗೆಲ್ಲುವುದನ್ನೇ ಬಿಟ್ಟು ಆಡುವವರೊಬ್ಬರು ಕೂತರೆ ನಿಯಮದ ಪರೀಕ್ಷೆ ಆದ ಹಾಗೇ ಅಲ್ಲ. ಅಪ್ಪ ಇಲ್ಲದ ಮೇಜಿನಲ್ಲಿ ಆ ಗೆರೆ ಹಳಿಯಾಗುತ್ತದೋ ಇಲ್ಲವೋ ನೋಡಬೇಕು. ಬೆಂಗಳೂರಿನಲ್ಲಿ ಇರುವ ಬ್ಲಾಗ್ ಮಿತ್ರರು ಯಾರಾದರೂ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ನಕ್ಷೆ ತರುತ್ತೇನೆ, ಗಿರಮಿಟ್ಟೂ ನನ್ನದೇ :)

ಅಂದಹಾಗೆ, ಹೊರಡುವ ದಿನ ಶೀಟ್ ಸುತ್ತಿಡುವಾಗ ನೋಡಿದೆ. ಗದಗ, ಲಕ್ಷ್ಮೇಶ್ವರ ನಡುವೆ ಸ್ಕೆಚ್ ಪೆನ್ನಲ್ಲಿ ಒಂದು ಸಣ್ಣ ಚುಕ್ಕೆ, ಪಕ್ಕದಲ್ಲಿ ಓರೆಯಾಗಿ 'ಸೊರಟೂರ (ಹಾಲ್ಟ್)'. ಅಂಕ ಲೆಕ್ಕಕ್ಕೆ ಬರುವುದಿಲ್ಲ. ಅಳಿಸಿಲ್ಲ.