ಎದೆಯ ಮೇಲೆ ಕ್ರಾಂತಿಯ ಟೋಪಿ

1795ರ ಜೂನ್ 28, ರಾತ್ರಿ. ನಿಜಾಮ ಅಲಿ ಖಾನನ ಹಿರಿಯ ಮಗ ಆಲಿ ಜಾಹ್ ಹೈದರಾಬಾದಿನಿಂದ ತಪ್ಪಿಸಿಕೊಂಡು ಅಪ್ಪನ ಮೇಲೆಯೇ ಬಂಡೆದ್ದ. ಮೆದಕಿನ ಜಮೀನ್ದಾರ ಸದಾಶಿವ ರೆಡ್ಡಿ ಬೆನ್ನಿಗೆ ನಿಂತ. ನೋಡುನೋಡುತ್ತಲೇ ಬೀದರ್ ಕೋಟೆ ಆಲಿ ಜಾಹ್‌ನ ಕೈಸೇರಿತು. ಜಂಬಿಟ್ಟಿಗೆಯ ಬಂಡೆ ಕಡಿದು ತೋಡಿದ ಮೂರು ಸಾಲು ಕಂದಕ, ಅದರಾಚೆ ಬುರುಜುಗಳ ಸರಮಾಲೆ! ಇಂಥ ಕೋಟೆಯೊಳಗೆ ಕೂತವನನ್ನು ಎಬ್ಬಿಸುವವರು ಯಾರು?

ಎಬ್ಬಿಸಲು ಹೊರಟದ್ದು ಫ್ರೆಂಚ್ ಪಲ್ಟಣ. ಅದರ ದಂಡನಾಯಕ ಮಿಶೆಲ್ ರೇಮೊಂ. 1786ರಲ್ಲಿ ನಿಜಾಮನ ಚಾಕರಿಗೆ ಸೇರಿದಾಗ ಅವನ ಬಳಿ ಇದ್ದವರು 300 ಜನ. ಬಂದೂಕುಗಳೂ ಬಾಡಿಗೆಯವು, ಒಂದೊಂದಕ್ಕೆ ತಿಂಗಳಿಗೆ 8 ಆಣೆ. ಅದೇ ಪಡೆ ಹತ್ತು ಸಾವಿರ ದಾಟಿ ಬೆಳೆದಿತ್ತು. ಅಧಿಕಾರಿಗಳು ಫ್ರೆಂಚರು, ಸಿಪಾಯಿಗಳು ಈ ನೆಲದವರು. ಮೇಲೆ ಹಾರುವುದು ಫ್ರೆಂಚ್ ಗಣರಾಜ್ಯದ ಮೂರು ಬಣ್ಣದ ಬಾವುಟ. ಅಂಗಿಯ ಗುಂಡಿಗಳ ಮೇಲೆ ಕೆತ್ತಿದ್ದು ಪ್ಯಾರಿಸ್ಸಿನ ಕ್ರಾಂತಿಕಾರರು ತೊಡುತ್ತಿದ್ದ ಸ್ವಾತಂತ್ರ್ಯದ ಟೋಪಿ. ರಾಜನೇ ಬೇಡವೆಂದವರ ಗುರುತು ಎದೆಯ ಮೇಲಿಟ್ಟುಕೊಂಡು ಇವರು ನಿಜಾಮನ ಸಿಂಹಾಸನ ಉಳಿಸಲು ನಡೆದರು.

ಮಾರ್ಚಿನಲ್ಲಷ್ಟೇ ಖರ್ಡಾದಲ್ಲಿ ಮರಾಠರ ಎದುರು ಕಾದಾಡಿ ದಣಿದ ಮೈ. ಈಗ ಮಳೆಗಾಲದ ದಂಡಯಾತ್ರೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ, ಉದ್ದಿನ ಚೀಲ ತರುವ ಭಾಲ್ಕಿ, ಔರಾದ್ ಕಡೆಯ ರೈತರನ್ನು ಕೇಳಿ: ಮಳೆ ಹಿಡಿದ ಎರೆಹೊಲದಲ್ಲಿ ಬರಿಗಾಲು ಕೀಳುವುದೇ ಕಷ್ಟ. ಇನ್ನು ತೋಪಿನ ಗಾಡಿ? ರೇಮೊಂನ ಹೆಸರು ಎಲ್ಲ ಪುಸ್ತಕಗಳಲ್ಲಿದೆ. ತೋಪಿಗೆ ಹೆಗಲು ಕೊಟ್ಟ ದಖನ್ನಿನ ಸಿಪಾಯಿಗಳ ಹೆಸರು ಎಲ್ಲೂ ಇಲ್ಲ. ನನಗೆ ಈ ಕಥೆಯ ವೀರರು ಅವರೇ.

ಬೀದರಿನ ಬಳಿ ಚಕಮಕಿ ನಡೆಯಿತು. ಆಲಿ ಜಾಹ್ ಕೋಟೆಯನ್ನೇ ಬಿಟ್ಟು ಔರಂಗಾಬಾದಿನ ದಾರಿ ಹಿಡಿದ. ಪಲ್ಟಣ ಬೆನ್ನಟ್ಟಿತು, ಹಿಡಿಯಿತು. ಸೆರೆಯಾಗಿ ಹೈದರಾಬಾದಿಗೆ ಮರಳುವ ದಾರಿಯಲ್ಲಿ ರಾಜಕುಮಾರ ವಿಷ ಕುಡಿದು ಸತ್ತ.

ಗೆದ್ದವರಿಗೂ ನೆಮ್ಮದಿ ಹೆಚ್ಚು ದಿನ ಸಿಗಲಿಲ್ಲ. 1798ರ ಮಾರ್ಚ್ 25ರಂದು ರೇಮೊಂ ತೀರಿಕೊಂಡ. ಪಿರೋಂ ಎಂಬ ಫ್ರೆಂಚ್ ಅಧಿಕಾರಿ ಅವನ ಜಾಗಕ್ಕೆ ಬಂದ. ಸೆಪ್ಟೆಂಬರ್ 1ರಂದು ನಿಜಾಮ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ಪಲ್ಟಣವನ್ನು ಮುರಿಯಲು ಒಪ್ಪಿದ. ಸುದ್ದಿ ತಿಳಿದ ಸಿಪಾಯಿಗಳು ಕೆರಳಿದರು. ಬಾಕಿ ಪಗಾರ ಎಲ್ಲಿ? ಅಕ್ಟೋಬರ್ 21ರಂದು ತಮ್ಮ ಫ್ರೆಂಚ್ ಅಧಿಕಾರಿಗಳನ್ನೇ ಹಿಡಿದು ಕೂಡಿಹಾಕಿದರು. ಸಮಾಧಾನ ಹೇಳಲು ಬಂದ ಇಂಗ್ಲಿಷ್ ಕ್ಯಾಪ್ಟನ್ ಜಾನ್ ಮಾಲ್ಕಮ್ ಕೂಡ ಆ ಗದ್ದಲದಲ್ಲಿ ಸಿಕ್ಕಿಬಿದ್ದ. ಅವನ ಪ್ರಾಣ ಹೋಗುವುದೇ ಬಾಕಿ. ಅಷ್ಟರಲ್ಲಿ ಕೆಲವು ಸಿಪಾಯಿಗಳು ಅವನ ಗುರುತು ಹಿಡಿದರು. ಹಿಂದೆ ಅವನ ದಳದಲ್ಲೇ ಇದ್ದು, ಓಡಿಬಂದು ಫ್ರೆಂಚರ ಕಡೆ ಸೇರಿದ್ದವರು! ಹಳೆಯ ಉಪ್ಪಿನ ಋಣಕ್ಕೆ ಅವರೇ ಅವನನ್ನು ಪಾರುಮಾಡಿದರು. ಆ ರಾತ್ರಿಯೇ ಫ್ರೆಂಚ್ ಅಧಿಕಾರಿಗಳೂ ತಪ್ಪಿಸಿಕೊಂಡು, ವೈರಿಗಳಾಗಿದ್ದ ಇಂಗ್ಲಿಷರ ಶಿಬಿರಕ್ಕೇ ಓಡಿ ಜೀವ ಉಳಿಸಿಕೊಂಡರು.

22ರ ಬೆಳಿಗ್ಗೆ ಪಲ್ಟಣದ ಸುತ್ತಲೂ ಕುದುರೆ, ತೋಪು. ಪಗಾರ ಕೊಡುವ ಮಾತು ಸಿಕ್ಕಿತು. ಸಾವಿರಾರು ಸಿಪಾಯಿಗಳು ಒಂದು ಗುಂಡೂ ಹಾರಿಸದೆ ಬಂದೂಕುಗಳನ್ನು ನೆಲಕ್ಕಿಟ್ಟರು.