ಫ್ರೆಂಚ್ ಪ್ರೊಫೆಸರಿಗೊಂದು ಬಾಡಿಗೆ ಮನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕಾಲೇಜು ಲೆಕ್ಚರರುಗಳಿಗೆ ಬರವಿಲ್ಲ. ಬೆಳಗ್ಗಿನ ಬಸ್ಸು ಹತ್ತಿದರೆ ಕಾಮರ್ಸಿನವರೋ ಕೆಮಿಸ್ಟ್ರಿಯವರೋ ಪಕ್ಕದ ಸೀಟಿನಲ್ಲಿ ಸಿಕ್ಕೇ ಸಿಗುತ್ತಾರೆ. ನನಗೆ ಈವರೆಗೆ ಸಿಗದವರೆಂದರೆ ಫ್ರೆಂಚ್ ಸಾಹಿತ್ಯದ ಪ್ರೊಫೆಸರು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಪೇಟೆಯಲ್ಲಿ ಕನ್ನಡ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ಮೂರು ಸಲ ನಾಲಗೆ ತಿರುಗಿಸುವ ನಮಗೆ ಇನ್ನೊಂದು ಭಾಷೆ ಭಾರವಾಗಲಾರದು. ಅಂಥವರೊಬ್ಬರು ಬಂದರೆ ಬಾಡಿಗೆ ಮನೆ ಎಲ್ಲಿ ನೋಡಿಕೊಡುವುದು ಎಂದು ನಾನು ಆಗಾಗ ಯೋಚಿಸುವುದುಂಟು.

ಬೆಳ್ತಂಗಡಿಯಲ್ಲಾದರೆ ಕಿಟಕಿಗೆ ಗಡಾಯಿಕಲ್ಲು ಕಾಣಬೇಕು. ಟಿಪ್ಪು 1794ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ಫ್ರೆಂಚರು ನಮ್ಮ ಜಿಲ್ಲೆಗೆ ಪುಸ್ತಕಕ್ಕಿಂತ ಮೊದಲು ಬಂದೂಕು ಹಿಡಿದು ಬಂದ ಕತೆಯನ್ನು ಪ್ರೊಫೆಸರು ಅಲ್ಲೇ ಶುರುಮಾಡಬಹುದು. 1783ರಲ್ಲಿ ಮಂಗಳೂರಿನ ಮುತ್ತಿಗೆಯಲ್ಲಿ ಅವರು ಟಿಪ್ಪುವಿನ ಜೊತೆಗಿದ್ದರು. ಯುರೋಪಿನಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದವಾಯಿತೆಂಬ ಸುದ್ದಿ ಬಂದದ್ದೇ ತಡ, ಯುದ್ಧದ ನಡುವೆಯೇ ಹಿಂದೆ ಸರಿದರು. 1870ರಲ್ಲಿ ಫ್ರಾನ್ಸಿನಿಂದಲೇ ಅಪೋಸ್ತಲಿಕ್ ಕಾರ್ಮೆಲ್‌ನ ಸಿಸ್ಟರುಗಳು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. ಬಂದೂಕಿನವರು ಹೋದರು, ಪಾಠದವರು ಉಳಿದರು.

ಬಂಟ್ವಾಳದಲ್ಲಾದರೆ ನೇತ್ರಾವತಿ ಪಕ್ಕದಲ್ಲೇ. 1974ರ ನೆರೆಯ ಕತೆ ಕೇಳಿ ಮನೆ ಆರಿಸುವುದು ಒಳ್ಳೆಯದು. ಮನೆಯ ಯಜಮಾನರು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು.

“ಸರ್, ನಿಮ್ಮದು ಯಾವ ಸಬ್ಜೆಕ್ಟು?”

“ಫ್ರೆಂಚು.”

“ಒಳ್ಳೇದಾಯ್ತು. ನಮ್ಮ ಹುಡುಗನಿಗೆ ಟ್ಯೂಷನ್ ಕೊಡ್ತೀರಾ? ಕೆನಡಕ್ಕೆ ಕಳಿಸುವ ಅಂದಾಜುಂಟು.”

ಕ್ಲಾಸಿನಲ್ಲೂ ಇದೇ ಪಾಡು. ಮಾರ್ಕು ಚೆನ್ನಾಗಿ ಬೀಳುತ್ತದೆಂದು ಫ್ರೆಂಚ್ ತೆಗೆದುಕೊಂಡ ಮಕ್ಕಳಿಗೆ ಮೇಜು ಯಾಕೆ ಹೆಣ್ಣು, ಪುಸ್ತಕ ಯಾಕೆ ಗಂಡು ಎಂದು ಒಪ್ಪಿಸುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಕವಿ ಬೋದಿಲೇರನ ಸರದಿ ಬರುವುದೇ ಇಲ್ಲ. ಬೇಸರವಾದರೆ ಪ್ರೊಫೆಸರು ಮಲಾರ್ಮೆಯನ್ನು ನೆನೆಯಲಿ. ಫ್ರಾನ್ಸಿನ ಆ ಮಹಾಕವಿ ರೋನ್ ನದಿದಂಡೆಯ ತೂರ್ನೋನ್ ಎಂಬ ಸಣ್ಣ ಪೇಟೆಯಲ್ಲಿ, ಕೇಳುವ ಮನಸ್ಸಿಲ್ಲದ ಹುಡುಗರಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದ ಮೇಷ್ಟ್ರು. 1893ರಲ್ಲಿ ನಿವೃತ್ತಿಯಾಗುವವರೆಗೂ ಹೊಟ್ಟೆಪಾಡಿಗೆ ಅದೇ ಕೆಲಸ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ ಮೇಷ್ಟ್ರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿಯುತ್ತಲೇ ಬರೆದವರು.

ಆದರೂ ನನ್ನ ಓಟು ಮೂಡುಬಿದಿರೆಗೆ. ಅಲ್ಲಿ ಕವಿ ರತ್ನಾಕರವರ್ಣಿಯ ನೆರೆಹೊರೆ ಸಿಗುತ್ತದೆ. ಅವನ ‘ಭರತೇಶ ವೈಭವ’ 1557ರ ಸುಮಾರಿನದು. ಫ್ರಾನ್ಸಿನಲ್ಲಿ ಮೊಂತೇನನ ಪ್ರಬಂಧಗಳು ಮೊದಲು ಅಚ್ಚಾದದ್ದು 1580ರಲ್ಲಿ. ರತ್ನಾಕರನ ಭರತ ರಾಜ್ಯವಾಳುತ್ತ, ರಾಣಿಯರ ನಡುವೆ ಇದ್ದುಕೊಂಡೇ ಯೋಗಿ. ಮೊಂತೇನನೂ ಜಮೀನು, ಹೆಂಡತಿ, ಮಗಳು, ಬೋರ್ದೋ ನಗರದ ಮೇಯರಗಿರಿ ಯಾವುದನ್ನೂ ಬಿಡದೆ, ಗೋಪುರದ ಪುಸ್ತಕದ ಕೋಣೆಯಲ್ಲಿ ಕೂತು ತನ್ನನ್ನೇ ಪರೀಕ್ಷಿಸಿಕೊಂಡವನು. ಓದಿದರೆ, ತಾಳಮದ್ದಳೆಯಲ್ಲಿ ಒಬ್ಬನೇ ಅರ್ಥಧಾರಿ ಕೃಷ್ಣನೂ ಕರ್ಣನೂ ಆಗಿ ವಾದ ಹೂಡಿದಂತಿರುತ್ತದೆ. ಒಂದೇ ಶತಮಾನದ ಈ ಇಬ್ಬರಿಗೆ ಪರಸ್ಪರ ಹೆಸರೂ ತಿಳಿದಿರಲಿಕ್ಕಿಲ್ಲ. ಅವರನ್ನು ಒಂದೇ ಜಗಲಿಯಲ್ಲಿ ಕೂರಿಸಬಲ್ಲವರು ಈ ಪ್ರೊಫೆಸರೇ.

ಅವರಿಲ್ಲದೆಯೂ ಫ್ರೆಂಚ್ ಸಾಹಿತ್ಯ ಕನ್ನಡಕ್ಕೆ ಬಂತಲ್ಲ ಎನ್ನಬಹುದು. 1664ರಲ್ಲಿ ಮೊದಲು ಆಡಿ, ನಿಷೇಧಕ್ಕೊಳಗಾಗಿ, 1669ರಲ್ಲಿ ಬಿಡುಗಡೆ ಕಂಡ ಮೋಲಿಯೇರನ ನಾಟಕ ‘ತಾರ್ತೂಫ್’ ಎ.ಎನ್. ಮೂರ್ತಿರಾಯರ ಕೈಯಲ್ಲಿ ‘ಆಷಾಢಭೂತಿ’ಯಾಯಿತು. ಬೋದಿಲೇರನನ್ನು ಲಂಕೇಶ್ ‘ಪಾಪದ ಹೂಗಳು’ ಮಾಡಿದರು. ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳು. ಅವರ ಋಣ ದೊಡ್ಡದು. ಆದರೆ ನಮಗೆ ತಲುಪಿದ ಫ್ರೆಂಚ್ ಸಾಹಿತ್ಯ ಬಹುಪಾಲು ಇಂಗ್ಲಿಷಿನ ದಾರಿಯಲ್ಲಿ ಬಂದದ್ದು. ಇಂಗ್ಲಿಷರು ಮೆಚ್ಚಿದ್ದು ನಮ್ಮ ಕಪಾಟಿಗೆ ಬಂತು, ಅವರು ಬಿಟ್ಟದ್ದು ಅಲ್ಲೇ ಉಳಿಯಿತು. ಯಾವುದು ಉಳಿಯಿತೆಂದು ಕೇಳುವುದಕ್ಕೂ ನಮ್ಮಲ್ಲಿ ಜನ ಇಲ್ಲ.

ಹಾಗಾಗಿ ಬಾಡಿಗೆ ತುಸು ಕಡಿಮೆ ಮಾಡಿಸೋಣ. ಪ್ರೊಫೆಸರು ಕೆನಡದ ಟ್ಯೂಷನ್ನೂ ಮಾಡಲಿ, ಮಾರ್ಕಿನ ಮಕ್ಕಳಿಗೆ ವ್ಯಾಕರಣವನ್ನೂ ಉರುಹೊಡೆಸಲಿ. ಅವರಲ್ಲಿ ಒಬ್ಬ ಹುಡುಗಿ ಲಂಡನ್ನನ್ನು ಸುತ್ತಿಹೋಗದೆ ಮೂಡುಬಿದಿರೆಯಿಂದ ನೇರ ಮೊಂತೇನನ ಬಾಗಿಲು ತಟ್ಟಿದರೂ ಬಿಟ್ಟ ಬಾಡಿಗೆ ಬಡ್ಡಿಸಮೇತ ವಸೂಲು.